ಅಳುಬುರುಕಿಯನ್ನು ಡಾಕ್ಟರಿಗೆ ತೋರಿಸಿದ್ದು

"ಬ್ಯಾಗಲ್ಲಿ ಏನಮ್ಮಾ ಅದು?"

ಗಾರ್ಡನ್ ಶೋ ಗೇಟಿನಲ್ಲಿ ನಿಂತಿದ್ದ ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದು ಕೇಳಿದ. ಮನೆಯಲ್ಲಿ ಕಡ್ಡಿ ಎಂದು ಕರೆಸಿಕೊಳ್ಳುವ ಹುಡುಗಿ ಬಟ್ಟೆಯ ಬ್ಯಾಗನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

"ಏನಿಲ್ಲ ಅಂಕಲ್."

"ಏನಿಲ್ಲದ್ದು ಅಷ್ಟು ದಪ್ಪ ಇರುತ್ತಾ? ತೆಗಿ, ನೋಡೋಣ."

ಹಿಂದೆ ಕ್ಯೂ ಬೆಳೆಯುತ್ತಿತ್ತು. ಯಾರೋ 'ಬೇಗ ಬೇಗ' ಎಂದು ಗೊಣಗಿದರು. ಕಡ್ಡಿ ಬ್ಯಾಗಿನ ಬಾಯಿ ಬಿಚ್ಚಿದಳು. ಒಳಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬ. ಡಬ್ಬದಲ್ಲಿ ಒಂದು ಗಿಡ. ಎಲೆಗಳೆಲ್ಲ ಹಳದಿ. ಬಸ್ಸಿನ ಕುಲುಕಾಟಕ್ಕೆ ಎರಡು ಎಲೆ ಬ್ಯಾಗಿನೊಳಗೇ ಉದುರಿದ್ದವು.

ಸೆಕ್ಯೂರಿಟಿಯವನು ಗಿಡವನ್ನು ನೋಡಿದ. ಕಡ್ಡಿಯನ್ನು ನೋಡಿದ. ಆಮೇಲೆ ಅವಳ ಹಿಂದೆ ನಿಂತಿದ್ದ ಅಪ್ಪನನ್ನು ನೋಡಿದ.

"ಹನ್ನೆರಡು ವರ್ಷದಿಂದ ಈ ಗೇಟಲ್ಲಿದ್ದೀನಿ ಸಾರ್. ಒಳಗಿಂದ ಗಿಡ ಎಗರಿಸ್ಕೊಂಡು ಹೋಗೋರನ್ನ ಹಿಡಿದಿದ್ದೀನಿ. ಹೊರಗಿಂದ ಒಳಗೆ ತರೋರನ್ನ ಇವತ್ತೇ ನೋಡಿದ್ದು."

ಕ್ಯೂನಲ್ಲಿದ್ದವರು ನಕ್ಕರು. ಅಪ್ಪ ನಗಲಿಲ್ಲ. "ಮನೇದೇ ಗಿಡ ಅದು," ಎಂದಷ್ಟೇ ಹೇಳಿದ.

ಸೆಕ್ಯೂರಿಟಿಯವನು ಒಂದು ಕೆಂಪು ಚೀಟಿಯನ್ನು ಡಬ್ಬಕ್ಕೆ ಅಂಟಿಸಿ, ಅದರ ಮೇಲೆ ಸಹಿ ಗೀಚಿದ. "ಇದಿಲ್ದಿದ್ರೆ ವಾಪಸ್ ಹೋಗೋವಾಗ ಕಳ್ಳಿ ಅಂತ ಹಿಡಿದುಬಿಟ್ಟಾರು. ಹೂಂ, ಹೋಗು."

ಒಳಗೆ ಹತ್ತು ಹೆಜ್ಜೆ ನಡೆದರೂ ಅಪ್ಪ ಬಾಯಿ ಬಿಡಲಿಲ್ಲ. ಗಿಡ ಯಾಕೆ ತಂದೆ, ಯಾವಾಗ ಬ್ಯಾಗಿಗೆ ಹಾಕಿಕೊಂಡೆ, ಏನೂ ಕೇಳಲಿಲ್ಲ. ಬೈದಿದ್ದರೂ ಪರವಾಗಿಲ್ಲ ಅನ್ನಿಸಿತು ಕಡ್ಡಿಗೆ.

ಅವಳಿಗೆ ಆ ಹೆಸರು ಇಟ್ಟದ್ದು ಅಮ್ಮ. ನೋಡೋಕೆ ಕಡ್ಡಿಯ ಹಾಗೆ ಸಣ್ಣ, ಮಾತು ಕಡ್ಡಿ ತುಂಡು ಮಾಡಿದ ಹಾಗೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ಐದನೇ ಕ್ಲಾಸಿನಲ್ಲಿ ಆ ಹೆಸರು ಕೂಗಿದರೆ ಅವಳೇ ಒಂದು ಕ್ಷಣ ಯಾರೋ ಅಂದುಕೊಳ್ಳುತ್ತಿದ್ದಳು.

ಅಮ್ಮ ಹೋಗಿ ನಾಲ್ಕು ತಿಂಗಳಾಗಿತ್ತು. ಜ್ವರ ಅಂತ ಆಸ್ಪತ್ರೆಗೆ ಹೋದವಳು ಹದಿನೇಳು ದಿನ ಅಲ್ಲೇ ಇದ್ದಳು. ಮನೆಗೆ ಬರಲೇ ಇಲ್ಲ.

ಅವರ ಮನೆ ಮೂರನೇ ಮಹಡಿಯಲ್ಲಿ. ಅಡುಗೆಮನೆಯ ಪಕ್ಕ ಒಂದು ಪುಟ್ಟ ಬಾಲ್ಕನಿ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಬರುತ್ತಿದ್ದ ಅಮ್ಮ, ಚಪ್ಪಲಿ ಬಿಡುವ ಮೊದಲೇ ಬಾಲ್ಕನಿಗೆ ಹೋಗಿ ಒಂದು ಸುತ್ತು ನೋಡಿಕೊಂಡು ಬರುತ್ತಿದ್ದಳು. ಪೇಂಟಿನ ಬಕೆಟ್ಟು, ಎಣ್ಣೆಯ ಡಬ್ಬ, ಮುರಿದ ಮಗ್ಗು, ಮಣ್ಣು ಹಿಡಿಯುವುದರಲ್ಲೆಲ್ಲ ಒಂದೊಂದು ಗಿಡ. ಒಟ್ಟು ಇಪ್ಪತ್ತೆರಡು. ಸೆಟೆದು ನಿಂತ ಉದ್ದ ಎಲೆಯದು 'ಕಾನ್‌ಸ್ಟೇಬಲ್'. ಎಲ್ಲರ ಮೇಲೂ ಹಬ್ಬಿಕೊಂಡು ಹೋಗುವ ಬಳ್ಳಿ 'ಪಕ್ಕದ್ಮನೆ ಆಂಟಿ'. ಸ್ವಲ್ಪ ಬಿಸಿಲು ಜಾಸ್ತಿಯಾದರೂ ಎಲೆ ಇಳಿಬಿಟ್ಟು ಕೂರುವ ಗುಲಾಬಿ ಬಣ್ಣದ ಹೂ ಬಿಡುವ ಬೆಗೋನಿಯ ಗಿಡ 'ಅಳುಬುರುಕಿ'.

ಅಳುಬುರುಕಿ ಅಂದರೆ ಅಮ್ಮನಿಗೆ ಒಂದು ತೂಕ ಜಾಸ್ತಿ ಪ್ರೀತಿ. ಈಗ ಬ್ಯಾಗಿನಲ್ಲಿ ಇದ್ದದ್ದು ಅದೇ.

ಆಸ್ಪತ್ರೆಗೆ ಹೋಗಿ ಹದಿನೈದನೇ ದಿನ ಅಮ್ಮ ಕಡ್ಡಿಯ ಕೈ ಹಿಡಿದುಕೊಂಡು, "ಗಿಡ ನೋಡ್ಕೋ ಮರಿ," ಅಂದಿದ್ದಳು. ಕಡ್ಡಿ "ಹೂಂ" ಅಂದಿದ್ದಳು. ಅಷ್ಟೇ. ಆವತ್ತು ಅದು ಸಣ್ಣ ಮಾತು. ಈಗ ಆ 'ಹೂಂ' ದಿನದಿನಕ್ಕೂ ಭಾರವಾಗುತ್ತಿತ್ತು, ಯಾಕೆಂದರೆ ಗಿಡಗಳು ಒಂದೊಂದೇ ಸಾಯುತ್ತಿದ್ದವು. ಅವಳು ಒಂದು ದಿನವೂ ನೀರು ತಪ್ಪಿಸಿರಲಿಲ್ಲ. ಆದರೂ ಸಾಯುತ್ತಿದ್ದವು.

ಅಪ್ಪನಿಗೆ ಹೇಳಿ ಏನು ಉಪಯೋಗ? ಅಪ್ಪ ಲಿಫ್ಟ್ ಮೆಕ್ಯಾನಿಕ್. ಯಾವ ಮಹಡಿಯಲ್ಲಿ ನಿಂತ ಲಿಫ್ಟನ್ನಾದರೂ ಸರಿಮಾಡುತ್ತಿದ್ದ. ಗಿಡ ಅಂದರೆ ಅಷ್ಟಕ್ಕಷ್ಟೇ. "ಬಾಲ್ಕನೀಲಿ ಒಂದು ಕಾಲಲ್ಲಿ ನಿಲ್ಲೋಕೂ ಜಾಗ ಇಲ್ವಲ್ಲೇ," ಎಂದು ಅಮ್ಮನನ್ನು ರೇಗಿಸುತ್ತಿದ್ದ. ಅಮ್ಮ ಹೋದ ಮೇಲೆ ಅವನ ಬಾಯಿಗೆ ಬೀಗ ಬಿದ್ದ ಹಾಗಾಗಿತ್ತು. ಒಂದು ಭಾನುವಾರ ಅಮ್ಮನ ಬಟ್ಟೆಗಳನ್ನೆಲ್ಲ ಎರಡು ಚೀಲಕ್ಕೆ ತುಂಬಿ ಎಲ್ಲಿಗೋ ಕೊಟ್ಟು ಬಂದ. ಅಮ್ಮನ ಹೆಸರೆತ್ತಲಿಲ್ಲ. ಕಡ್ಡಿಯೂ ಎತ್ತಲಿಲ್ಲ. ಇಬ್ಬರೂ ಊಟ ಮಾಡುವಾಗ ಟಿವಿ ಮಾತಾಡುತ್ತಿತ್ತು.

ಹೋದ ವಾರ ಶಾಲೆಯಲ್ಲಿ ಸೈನ್ಸ್ ಮಿಸ್ ಎಲ್ಲರಿಗೂ ಗಾರ್ಡನ್ ಶೋ ಪಾಸ್ ಹಂಚಿದರು. ಒಂದು ಮಗು, ಜೊತೆಗೆ ಒಬ್ಬರು ದೊಡ್ಡವರು. ಪಾಸಿನ ಹಿಂದೆ ಮ್ಯಾಪ್ ಇತ್ತು. ಮ್ಯಾಪಿನ ಮೂಲೆಯಲ್ಲಿ ಹದಿನಾಲ್ಕನೇ ನಂಬರಿನ ಪಕ್ಕ 'ಗಿಡಗಳ ಆಸ್ಪತ್ರೆ' ಎಂದು ಬರೆದಿತ್ತು. ಕಡ್ಡಿ ಅವತ್ತೇ ಅದರ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದುಕೊಂಡಿದ್ದಳು.

ಹದಿನಾಲ್ಕಕ್ಕೆ ಹೋಗಬೇಕಾದರೆ ಒಂದರಿಂದ ಹದಿಮೂರನ್ನೂ ದಾಟಲೇಬೇಕಿತ್ತು. ದಾರಿಯನ್ನು ಹಗ್ಗ ಕಟ್ಟಿ ಹಾಗೆಯೇ ಮಾಡಿದ್ದರು. ಎರಡು ಕಡೆಯೂ ಸಾಲಾಗಿ ತೋಟಗಳು. ನಿಜವಾದ ತೋಟಗಳಲ್ಲ, ಒಂದೊಂದೂ ಒಂದು ಕ್ಲಾಸ್‌ರೂಮಿನಷ್ಟು ದೊಡ್ಡದು, ನೋಡುವುದಕ್ಕೆಂದೇ ಮಾಡಿದ್ದು.

ಕಡ್ಡಿ ಏನನ್ನೂ ನೋಡಬಾರದು, ನೇರ ಹೋಗಬೇಕು ಅಂದುಕೊಂಡಿದ್ದಳು. ಆದರೆ ಮೂರನೆಯ ತೋಟದ ಮುಂದೆ ಕಾಲು ತಾನಾಗಿಯೇ ನಿಂತಿತು. ಅದರಲ್ಲಿ ಬರೀ ಬಿಳಿ ಹೂ. ಗಿಡ್ಡದ್ದು, ಉದ್ದದ್ದು, ಗಂಟೆಯಂಥದ್ದು, ನಕ್ಷತ್ರದಂಥದ್ದು, ಎಲ್ಲ ಬಿಳಿ. ನಡುವೆ ಕಪ್ಪು ಕಲ್ಲಿನ ಸಣ್ಣ ಕೊಳ. ಮೇಲಿನ ಮೋಡವೂ ಅದರಲ್ಲಿ ಒಂದು ಹೂವಿನ ಹಾಗೆ ಬಿದ್ದಿತ್ತು.

"ಚೆನ್ನಾಗಿದೆ," ಅಂದ ಅಪ್ಪ.

ಕಡ್ಡಿ ಬ್ಯಾಗು ಸರಿಮಾಡಿಕೊಂಡು ಮುಂದೆ ನಡೆದಳು.

ಆರನೆಯದು ತರಕಾರಿ ತೋಟ. ಎಲೆಕೋಸನ್ನು ಉದ್ದಕ್ಕೂ ಸಾಲಾಗಿ, ಶಾಲೆಯ ಪ್ರೇಯರಿನಲ್ಲಿ ಮಕ್ಕಳನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿದ್ದರು. ಹಳೆಯ ಬಾಗಿಲೊಂದಕ್ಕೆ ಹುರುಳಿಕಾಯಿ ಬಳ್ಳಿ ಹಬ್ಬಿತ್ತು. ಬಾಗಿಲು ಅರ್ಧ ತೆರೆದಿತ್ತು. ಆ ಕಡೆ ಏನೂ ಇರಲಿಲ್ಲ. ಒಂಬತ್ತನೆಯದರಲ್ಲಿ ನೆಲ, ಕಲ್ಲು, ಕೂರುವ ಬೆಂಚು, ಎಲ್ಲದರ ಮೇಲೂ ಪಾಚಿ. ಮುಟ್ಟಬಾರದು ಅಂತ ಬೋರ್ಡು ಹಾಕಿದ್ದರೂ ಕಡ್ಡಿ ಒಂದು ಬೆರಳಿನಿಂದ ಮುಟ್ಟಿಯೇ ಬಿಟ್ಟಳು. ಒದ್ದೆ ಬೆಕ್ಕಿನಮರಿಯ ಬೆನ್ನಿನ ಹಾಗಿತ್ತು.

ಅಮ್ಮ ಇದ್ದಿದ್ದರೆ ಇಲ್ಲಿಂದ ಅಲುಗಾಡುತ್ತಿರಲಿಲ್ಲ. ಹಾಗೆ ಅನ್ನಿಸಿದ್ದೇ ತಡ, ಕಡ್ಡಿಗೆ ಆ ಪಾಚಿಯ ಮೇಲೆ ಕೋಪ ಬಂತು. ಇಷ್ಟು ಚೆನ್ನಾಗಿ ಇರುವುದಕ್ಕೆ ಇದಕ್ಕೇನು ಹಕ್ಕು?

ಹನ್ನೆರಡನೆಯ ತೋಟದ ಮುಂದೆ ಎಲ್ಲಕ್ಕಿಂತ ಜಾಸ್ತಿ ಜನ ಇದ್ದರು. ಮೊಬೈಲುಗಳನ್ನು ಎತ್ತರದಲ್ಲಿ ಹಿಡಿದ ಕೈಗಳು. ಕಡ್ಡಿ ಆ ಕೈಗಳ ಕೆಳಗೆ ನುಸುಳಿ ಮುಂದೆ ಹೋದಳು.

ಅದು ಒಂದು ಬಾಲ್ಕನಿ.

ಸುಮ್ಮನೆ ನೆಲದ ಮೇಲೆ ತಂದಿಟ್ಟ ಬಾಲ್ಕನಿ. ಅವರ ಮನೆಯದರಷ್ಟೇ ಅಗಲ. ಅಂಥದ್ದೇ ಕಬ್ಬಿಣದ ಕಂಬಿ. ಕಂಬಿಯ ತುಂಬ ಹೂ, ಗೋಡೆಯ ತುಂಬ ಎಲೆ, ಮೇಲಿನಿಂದ ಇಳಿಬಿದ್ದ ಕುಂಡಗಳು. ಒಂದು ಹಳದಿ ಎಲೆ ಇಲ್ಲ. ನಡುವೆ ಒಂದು ಬೆತ್ತದ ಕುರ್ಚಿ. ಕುರ್ಚಿಯ ಪಕ್ಕ ಸಣ್ಣ ಸ್ಟೂಲು, ಸ್ಟೂಲಿನ ಮೇಲೆ ಒಂದು ಕಾಫಿ ಕಪ್ಪು, ಮಡಚಿಟ್ಟ ಒಂದು ಕನ್ನಡಕ. ಕೆಳಗೆ ಒಂದು ಜೊತೆ ಚಪ್ಪಲಿ. ಯಾರೋ ಈಗ ತಾನೆ ಎದ್ದು ಒಳಗೆ ಹೋದ ಹಾಗೆ. ಈಗ ಬಂದುಬಿಡುವ ಹಾಗೆ.

ಕಡ್ಡಿ ತಿರುಗಿ ಅಪ್ಪನನ್ನು ಹುಡುಕಿದಳು. ಅಪ್ಪ ಜನರ ಹಿಂದೆ ನಿಂತಿದ್ದ. ಬಾಲ್ಕನಿಯನ್ನು ಒಂದು ಸಲ ನೋಡಿದ. ಮುಖ ತಿರುಗಿಸಿದ. ದಡದಡನೆ ಮುಂದೆ ಹೊರಟುಬಿಟ್ಟ.

ಕಡ್ಡಿ ಓಡಿ ಹೋಗಿ ಹಿಡಿದಳು. "ನೀನು ಸರಿಯಾಗಿ ನೋಡ್ಲೇ ಇಲ್ಲ."

"ನೋಡಿದೆ ಮರಿ."

"ಇಲ್ಲ. ಎಲ್ಲಾರೂ ನಿಂತ್ಕೊಂಡು ನೋಡ್ತಿದಾರೆ. ನೀನೊಬ್ಬನೇ ಓಡಿದೆ. ನಿಂಗೆ ಏನೂ ಅನ್ಸೋದೇ ಇಲ್ವಾ?"

ಅಪ್ಪ ಅವಳ ಕಡೆ ನೋಡಲಿಲ್ಲ. "ಬಾಟಲಿಯಲ್ಲಿ ನೀರು ಮುಗಿದಿದೆ. ಅಲ್ಲಿ ನಲ್ಲಿ ಇದೆ ಅನ್ಸುತ್ತೆ, ತುಂಬಿಸ್ಕೊಂಡು ಬರ್ತೀನಿ," ಎಂದ.

"ಬೇಕಾದ್ರೆ ಬಾ, ಇಲ್ದಿದ್ರೆ ಬಿಡು. ನಾನು ಹದಿನಾಲ್ಕಕ್ಕೆ ಹೋಗ್ತಿದೀನಿ," ಎಂದು ಕಡ್ಡಿ ಬ್ಯಾಗು ತಬ್ಬಿಕೊಂಡು ನಡೆದಳು.

ಗಿಡಗಳ ಆಸ್ಪತ್ರೆ ಎಂದರೆ ಒಂದು ಟೆಂಟು, ಒಂದು ಮೇಜು, ಮೇಜಿನ ಹಿಂದೆ ಒಬ್ಬರು ಅಜ್ಜಿ. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದರು. ಉಗುರಿನ ಸಂದಿಯಲ್ಲೆಲ್ಲ ಮಣ್ಣು. ಅವರ ಮುಂದೆ ಒಬ್ಬ ಗಂಡಸು ಮೊಬೈಲಿನಲ್ಲಿ ತನ್ನ ಟೊಮೇಟೊ ಗಿಡದ ಫೋಟೋ ತೋರಿಸುತ್ತಿದ್ದ.

"ಫೋಟೋ ಹಿಡ್ಕೊಂಡು ನಾಡಿ ನೋಡೋಕೆ ನಂಗೆ ಬರಲ್ಲಪ್ಪ," ಎಂದರು ಅಜ್ಜಿ. "ಗಿಡ ತಗೊಂಡು ಬನ್ನಿ. ಮುಂದಿನವರು?"

ಕಡ್ಡಿ ಡಬ್ಬವನ್ನು ಮೇಜಿನ ಮೇಲಿಟ್ಟಳು.

"ಭೇಷ್. ರೋಗೀನ ಕರ್ಕೊಂಡೇ ಬಂದಿದ್ದಾಳೆ," ಎಂದು ಅಜ್ಜಿ ಕನ್ನಡಕ ಏರಿಸಿಕೊಂಡರು. "ಹೆಸರು?"

"ನಂದಾ, ಗಿಡದ್ದಾ?"

"ಗಿಡದ್ದು."

"ಅಳುಬುರುಕಿ."

ಅಜ್ಜಿ ನಗಲಿಲ್ಲ. ಅದೇ ಸರಿಯಾದ ಹೆಸರು ಎಂಬಂತೆ ತಲೆಯಾಡಿಸಿದರು. ತೋರುಬೆರಳನ್ನು ಮಣ್ಣಿನೊಳಗೆ ಪೂರ್ತಿ ಇಳಿಸಿದರು. ಹೊರಗೆ ತೆಗೆದು ಮೂಗಿನ ಹತ್ತಿರ ಹಿಡಿದರು. ಕಾಂಡವನ್ನು ಮೆಲ್ಲಗೆ ಹಿಸುಕಿದರು. ಆಮೇಲೆ ಪೇಪರ್ ಹಾಸಿ, ಡಬ್ಬವನ್ನು ಬೋರಲು ಹಾಕಿ, ತಳಕ್ಕೆ ಎರಡು ಏಟು ಕೊಟ್ಟರು. ಗಿಡ ಮಣ್ಣಿನ ಸಮೇತ ಜಾರಿ ಬಂತು. ಮಣ್ಣಿನಿಂದ ನೀರು ಒಸರಿತು. ಬೇರುಗಳು ಕಂದು ಬಣ್ಣಕ್ಕೆ ತಿರುಗಿ, ನೆನೆದ ದಾರದ ಹಾಗೆ ಆಗಿದ್ದವು. ಕೊಳೆತ ವಾಸನೆ ಬಂತು.

"ಎಷ್ಟು ನೀರು ಹಾಕ್ತೀಯಾ?"

"ಸಂಜೆ ಒಂದು ಮಗ್. ಸ್ಕೂಲಿಂದ ಬಂದ ತಕ್ಷಣ."

"ದಿನಾನಾ?"

"ದಿನಾ. ಎಲೆ ಹಳದಿ ಆಗೋಕೆ ಶುರು ಆದ್ಮೇಲೆ ಒಂದೂವರೆ ಮಗ್."

ಅಜ್ಜಿ ಬೇರನ್ನು ಬೆರಳಿನಲ್ಲಿ ಬಿಡಿಸುತ್ತ ಹೇಳಿದರು: "ನೀರು ಸಾಲದೆ ಆಗಿದ್ದಲ್ಲ ಮಗು ಇದು. ನೀರು ಹೆಚ್ಚಾಗಿ ಆಗಿದ್ದು. ಬೇರೂ ಉಸಿರಾಡುತ್ತೆ, ಗೊತ್ತಾ? ಯಾವಾಗ್ಲೂ ನೀರಲ್ಲೇ ನಿಂತಿದ್ರೆ ಅದಕ್ಕೆ ಉಸಿರುಕಟ್ಟುತ್ತೆ. ಒಂದು ಒಂದೂವರೆ ಮಗ್ಗೂ ಜಾಸ್ತೀನೇ, ಆದ್ರೂ ಅದಕ್ಕೇ ಇಷ್ಟೊಂದು ಆಗ್ಬಾರ್ದು. ಮನೇಲಿ ಇನ್ಯಾರು ಹಾಕ್ತಾರೆ?"

"ಯಾರೂ ಇಲ್ಲ. ನಾನು ಒಬ್ಬಳೇ. ಅಪ್ಪಂಗೆ ಗಿಡ ಅಂದ್ರೆ ಆಗಲ್ಲ."

"ನಾನೂ ಹಾಕ್ತೀನಿ."

ಕಡ್ಡಿ ತಿರುಗಿ ನೋಡಿದಳು. ಅಪ್ಪ ತುಂಬಿದ ಬಾಟಲಿ ಹಿಡಿದು ಎರಡು ಹೆಜ್ಜೆ ಹಿಂದೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಬೆಳಗ್ಗೆ ಐದೂವರೆಗೆ," ಎಂದ ಅಪ್ಪ, ಅಜ್ಜಿಗೆ. "ಕೆಲಸಕ್ಕೆ ಹೊರಡೋ ಮುಂಚೆ. ಇವಳು ಆಗ ಮಲಗಿರ್ತಾಳೆ. ಎರಡು ಮಗ್ ಹಾಕ್ತಿದ್ದೆ. ಎಲೆ ಹಳದಿ ಆದ್ಮೇಲೆ ಮೂರು."

"ಎಷ್ಟು ಕುಂಡಕ್ಕೆ?"

"ಎಲ್ಲಕ್ಕೂ. ಒಂದೊಂದಕ್ಕೂ."

ಅಜ್ಜಿ ಕೈಯಲ್ಲಿದ್ದ ಬೇರನ್ನು ಪೇಪರಿನ ಮೇಲೆ ಇಟ್ಟರು. ಕ್ಯೂನಲ್ಲಿ ಹಿಂದಿದ್ದ ಹೆಂಗಸು ತನ್ನ ಗುಲಾಬಿ ಗಿಡದ ಕಡೆ ನೋಡುತ್ತ ನಿಂತಿದ್ದಳು.

ಕಡ್ಡಿಗೆ ಸಂಜೆ ಹೊತ್ತಿನ ಬಾಲ್ಕನಿಯ ಮಣ್ಣು ನೆನಪಾಯಿತು. ಯಾವಾಗಲೂ ಒದ್ದೆ ಇರುತ್ತಿತ್ತು. ಹಿಂದಿನ ದಿನ ತಾನು ಹಾಕಿದ ನೀರೇ ಇನ್ನೂ ಇದೆ ಅಂದುಕೊಂಡಿದ್ದಳು. ಆದರೂ ಹಾಕುತ್ತಿದ್ದಳು. ಮಾತು ಕೊಟ್ಟ ಮೇಲೆ ಹಾಕದೆ ಹೇಗಿರುವುದು?

"ಇದು ಉಳಿಯುತ್ತಾ?" ಎಂದು ಕೇಳಿದಳು.

ಅಜ್ಜಿ ಅವಳ ಕಣ್ಣನ್ನೇ ನೋಡಿ ಹೇಳಿದರು: "ಇಲ್ಲ ಮಗು. ಬೇರೂ ಹೋಗಿದೆ, ಕಾಂಡಾನೂ ಮೆತ್ತಗಾಗಿದೆ. ಒಂದು ಗಟ್ಟಿ ತುದಿ ಸಿಕ್ಕಿದ್ರೂ ಕತ್ತರಿಸಿ ಬೇರೆ ನೆಡಬಹುದಿತ್ತು. ಸಿಗಲಿಲ್ಲ."

"ನಾನೇ ಕೊಂದೆ," ಅಂದಳು ಕಡ್ಡಿ.

"ಇಬ್ರೂ ಸೇರಿ," ಎಂದ ಅಪ್ಪ.

ಅಜ್ಜಿ ಸಮಾಧಾನದ ಮಾತು ಆಡಲಿಲ್ಲ. ಕೈ ಒರೆಸಿಕೊಂಡು, "ನಲವತ್ತು ವರ್ಷದಿಂದ ಇದೇ ಕೆಲಸ ನಂದು. ನಾನು ಕೊಂದಿರೋ ಗಿಡಗಳನ್ನ ಸಾಲಾಗಿ ಇಟ್ರೆ ಇಂಥ ಇನ್ನೊಂದು ಶೋ ಮಾಡಬಹುದು," ಎಂದರು. ಆಮೇಲೆ ಉಳಿದ ಗಿಡಗಳಿಗೆ ಏನು ಮಾಡಬೇಕು ಎಂದು ನಿಧಾನವಾಗಿ ಹೇಳಿದರು. ಹದಿನೈದು ದಿನ ಒಂದು ಹನಿ ನೀರೂ ಬೇಡ. ಬಕೆಟ್ಟುಗಳ ತಳಕ್ಕೆ ತೂತು ಮಾಡಿ. ಬೇರು ಕೊಳೆತಿದ್ದರೆ ತೆಗೆದುಬಿಡಿ. ಬೆರಳು ಇಳಿಸಿ ನೋಡಿ, ಬೆರಳಿನ ಎರಡು ಗೆಣ್ಣಿನ ಆಳಕ್ಕೆ ಮಣ್ಣು ಒಣಗಿದ್ದರೆ ಮಾತ್ರ ನೀರು. "ಉಳಿದಷ್ಟು ಉಳೀತು."

"ಇದನ್ನ ಇಲ್ಲೇ ಬಿಟ್ಟು ಹೋಗ್ತೀಯಾ, ಮನೆಗೆ ತಗೊಂಡು ಹೋಗ್ತೀಯಾ?" ಅಳುಬುರುಕಿಯನ್ನು ತೋರಿಸಿ ಅಜ್ಜಿ ಕೇಳಿದರು.

"ಇಲ್ಲಿ ಎಲ್ಲಿ ಬಿಡೋದು?"

ಅಜ್ಜಿ ಎದ್ದು ಟೆಂಟಿನ ಹಿಂದಿನ ಪರದೆ ಸರಿಸಿದರು. ಶೋಗೆ ಬಂದವರು ಯಾರೂ ನೋಡದ ಜಾಗ ಅದು. ತಡಿಕೆಯ ಗೋಡೆಗಳ ಬೆನ್ನು, ನೀರಿನ ಪೈಪು, ಕೈಗಾಡಿಗಳು. ಮೂಲೆಯಲ್ಲಿ ಕಡ್ಡಿಯ ಎತ್ತರಕ್ಕೆ ಒಂದು ರಾಶಿ. ಬಾಡಿದ ಬಿಳಿ ಹೂ, ಮುರಿದ ಬಳ್ಳಿ, ಬೇರು ಒಣಗಿದ ಎಲೆಕೋಸು, ಎಲ್ಲ ಒಂದರ ಮೇಲೊಂದು.

"ಇಷ್ಟೊಂದಾ?" ಎಂದಳು ಕಡ್ಡಿ.

"ಇದು ಬರೀ ಎಂಟು ದಿನದ್ದು. ಆ ತೋಟಗಳಲ್ಲಿ ಒಂದು ಗಿಡಾನೂ ನೆಲಕ್ಕೆ ಬೇರು ಬಿಟ್ಟಿಲ್ಲ ಮಗು. ಕುಂಡದ ಸಮೇತ ಹೂತು, ಮೇಲೆ ಮಣ್ಣು ಮುಚ್ಚಿರೋದು. ಬಾಡಿದ್ದನ್ನ ಗೇಟು ತೆಗೆಯೋ ಮುಂಚೆ ಕಿತ್ತು, ಬೇರೆ ಇಡ್ತಾರೆ. ಅದಕ್ಕೇ ನಿಮಗೆ ಒಂದು ಹಳದಿ ಎಲೆ ಕಾಣಲ್ಲ." ಅವರು ರಾಶಿಯನ್ನು ಕಾಲಿನಿಂದ ತೋರಿಸಿದರು. "ಇದೆಲ್ಲ ಮುಂದಿನ ವರ್ಷಕ್ಕೆ ಗೊಬ್ಬರ ಆಗುತ್ತೆ."

ಕಡ್ಡಿ ಪೇಪರಿನಲ್ಲಿದ್ದ ಅಳುಬುರುಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಎಸೆಯಲು ಮನಸ್ಸಾಗಲಿಲ್ಲ. ರಾಶಿಯ ಹತ್ತಿರ ಹೋಗಿ, ಬಿಳಿ ಹೂಗಳನ್ನು ಸ್ವಲ್ಪ ಸರಿಸಿ, ನಡುವೆ ಜಾಗ ಮಾಡಿ ಇಟ್ಟಳು. ಕೈಗೆ ಅಂಟಿದ ಮಣ್ಣನ್ನು ಫ್ರಾಕಿಗೆ ಒರೆಸಿಕೊಂಡಳು. ಬೈಯುವುದಕ್ಕೆ ಯಾರೂ ಇರಲಿಲ್ಲ. ಆಗ ಅಳು ಬಂತು.

ಅಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳನ್ನು ಸುಮ್ಮನಿರು ಅನ್ನಲಿಲ್ಲ. ಅವನ ಮುಖವೂ ಒದ್ದೆಯಾಗಿತ್ತು. ಅಪ್ಪ ಅಳುವುದನ್ನು ಕಡ್ಡಿ ಅವತ್ತೇ ನೋಡಿದ್ದು. ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

"ನಿಂಗೆ ಯಾರು ಹೇಳಿದ್ರು ನೀರು ಹಾಕು ಅಂತ?" ಬಿಕ್ಕುತ್ತಲೇ ಕೇಳಿದಳು.

"ಅಮ್ಮ. ಆಸ್ಪತ್ರೇಲಿ."

"ನಂಗೂ ಹೇಳಿದ್ಲು."

ಅಪ್ಪ ತಲೆಯಾಡಿಸಿದ. "ಅವಳು ಯಾವತ್ತೂ ಹಾಗೇ. ಹಾಲು ತಗೊಂಡು ಬಾ ಅಂತ ನಂಗೂ ಹೇಳೋಳು, ನಿಂಗೂ ಹೇಳೋಳು. ಒಬ್ರು ಮರೆತ್ರೂ ಇನ್ನೊಬ್ರು ತರ್ಲಿ ಅಂತ." ಅಂಗೈಯಿಂದ ಮೂಗು ಒರೆಸಿಕೊಂಡ. "ಈ ಸಲ ಇಬ್ರೂ ಮರೀಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಳ್ತೀಯಾ ಅಂತ. ನೀನ್ಯಾಕೆ ಹೇಳ್ಲಿಲ್ಲ?"

ಕಡ್ಡಿ ಯೋಚಿಸಿದಳು. ಅಮ್ಮನ ಮಾತು ಎತ್ತಿದರೆ ಅಪ್ಪ ಎದ್ದು ಹೋಗಿಬಿಡುತ್ತಾನೆ ಅನ್ನುವ ಭಯ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ. "ಗೊತ್ತಿಲ್ಲ," ಅಂದಳು.

ವಾಪಸ್ ಬರುವ ದಾರಿಯಲ್ಲಿ ಮತ್ತೆ ಹನ್ನೆರಡನೆಯ ತೋಟ ಸಿಕ್ಕಿತು. ಈ ಸಲ ಅಪ್ಪನೇ ನಿಂತ. ಜನ ಕಡಿಮೆಯಾಗಿದ್ದರು. ಇಬ್ಬರೂ ಹಗ್ಗದ ಹತ್ತಿರ ಹೋಗಿ ನಿಂತರು.

"ಗಿಡ ನೋಡೋಕೆ ಏನೂ ಕಷ್ಟ ಆಗ್ಲಿಲ್ಲ," ಎಂದ ಅಪ್ಪ. "ಆ ಕುರ್ಚಿ ಇದ್ಯಲ್ಲ. ಅದನ್ನ ನೋಡೋಕಾಗ್ಲಿಲ್ಲ. ಅದಕ್ಕೇ ಹೋಗ್ಬಿಟ್ಟೆ."

ಕಡ್ಡಿ ಕುರ್ಚಿಯನ್ನು ನೋಡಿದಳು. ಕಪ್ಪನ್ನು ನೋಡಿದಳು. ಕಪ್ಪಿನೊಳಗೆ ಏನೂ ಇರಲಿಲ್ಲ, ಧೂಳು ಕೂತಿತ್ತು. ಚಪ್ಪಲಿಯ ಕೆಳಗೆ ಅಂಗಡಿಯ ಸ್ಟಿಕ್ಕರ್ ಹಾಗೇ ಇತ್ತು. ಯಾರೂ ಹಾಕಿಕೊಂಡು ನಡೆದ ಚಪ್ಪಲಿ ಅಲ್ಲ ಅದು.

"ಅಪ್ಪ, ಅಮ್ಮನ ಬಟ್ಟೆ ಯಾಕೆ ಕೊಟ್ಬಿಟ್ಟೆ?"

ಅಪ್ಪ ಈ ಪ್ರಶ್ನೆಗೆ ಎಷ್ಟೋ ದಿನದಿಂದ ಕಾಯುತ್ತಿದ್ದವನ ಹಾಗೆ ಉಸಿರು ಬಿಟ್ಟ. "ಬೀರು ತೆಗೆದಾಗೆಲ್ಲ ವಾಸನೆ ಬರ್ತಿತ್ತು. ಅವಳದ್ದು. ತಡ್ಕೊಳ್ಳೋಕೆ ಆಗ್ಲಿಲ್ಲ. ಕೊಟ್ಟು ಬಂದೆ. ಈಗ ಬೀರು ತೆಗೆದ್ರೆ ಬರೀ ಮರದ ವಾಸನೆ." ಹಗ್ಗ ಹಿಡಿದುಕೊಂಡು, "ತಪ್ಪು ಮಾಡ್ದೆ," ಎಂದ.

ಕಡ್ಡಿ ಖಾಲಿ ಡಬ್ಬವಿದ್ದ ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಅಪ್ಪನ ಕೈ ಹಿಡಿದಳು.

ಮನೆಗೆ ಬಂದಾಗ ಮೂರು ಗಂಟೆ. ಊಟದ ಮಾತು ಇಬ್ಬರೂ ಎತ್ತಲಿಲ್ಲ. ಅಪ್ಪ ಕೆಲಸದ ಡ್ರಿಲ್ ತಂದ. ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿ ಒಂದೊಂದೇ ಗಿಡ ತೆಗೆದು ನೋಡಿದರು. ಕಡ್ಡಿ ಬೆರಳು ಇಳಿಸಿ ಮೂಸುವುದು. ಅಪ್ಪ ಬೋರಲು ಹಾಕುವುದು. ಚೆನ್ನಾಗಿದ್ದರೆ ಬಕೆಟ್ಟಿಗೆ ತೂತು ಹೊಡೆದು ಮತ್ತೆ ಇಡುವುದು. ಕೊಳೆತಿದ್ದರೆ ಚೀಲಕ್ಕೆ.

ಒಂದೊಂದಾಗಿ ಚೀಲಕ್ಕೇ ಹೋದವು. 'ಪಕ್ಕದ್ಮನೆ ಆಂಟಿ' ಹೋಯಿತು. ತುಳುಕುವಷ್ಟು ನೀರು ಕುಡಿದಿದ್ದ ಗುಲಾಬಿ ಹೋಯಿತು. ಗಟ್ಟಿಗ 'ಕಾನ್‌ಸ್ಟೇಬಲ್' ಉಳಿದೇ ಉಳಿಯುತ್ತಾನೆ ಅಂದುಕೊಂಡಿದ್ದರು. ಮುಟ್ಟಿದರೆ ಬುಡದಲ್ಲೇ ಮುರಿದು ಕೈಗೆ ಬಂದ.

ಒಂದೊಂದು ಗಿಡಕ್ಕೂ ಅಪ್ಪ, "ಇದನ್ನ ಎಲ್ಲಿಂದ ತಂದಿದ್ಲು ಗೊತ್ತಾ?" ಅನ್ನುತ್ತಿದ್ದ. ಒಂದು ಬಸ್‌ಸ್ಟಾಪಿನ ಹಿಂದಿನದು. ಇನ್ನೊಂದು, ಕನ್ನಡಕದ ಅಂಗಡಿಯ ಓನರ್ ಎಸೆಯಲು ಇಟ್ಟಿದ್ದು. ಮತ್ತೊಂದು, ಕಡ್ಡಿ ಹುಟ್ಟಿದ ವಾರ ತಂದದ್ದು. ಗಿಡ ಅಂದರೆ ಆಗದ ಅಪ್ಪನಿಗೆ ಇಪ್ಪತ್ತೆರಡರದೂ ಊರು ಕೇರಿ ಗೊತ್ತಿತ್ತು.

ಕೊನೆಗೆ ಉಳಿದದ್ದು ಏಳು. ಅವೂ ನೆಟ್ಟಗಿರಲಿಲ್ಲ. ಚೀಲ ಎಷ್ಟು ಭಾರವಾಗಿತ್ತೆಂದರೆ ಅಪ್ಪ ಅದನ್ನು ಎರಡು ಸಲ ಕೆಳಗಿಟ್ಟು, ದಣಿವಾರಿಸಿಕೊಂಡು ಇಳಿಸಬೇಕಾಯಿತು.

ಮರುದಿನ ಬೆಳಗ್ಗೆ ಕಡ್ಡಿಗೆ ತಾನಾಗಿಯೇ ಎಚ್ಚರವಾಯಿತು. ಕಿಟಕಿಯಾಚೆ ಇನ್ನೂ ಬೂದು ಬೆಳಕು. ಬಾಲ್ಕನಿಯ ಚಿಲಕ ತೆಗೆದ ಸದ್ದು ಕೇಳಿಸಿತು. ಗಡಿಯಾರದಲ್ಲಿ ಐದೂವರೆ.

ಅಪ್ಪ ಮರೆತುಬಿಟ್ಟನೇ? ಕಡ್ಡಿ ಹೊದಿಕೆ ಒದ್ದು ಬರಿಗಾಲಲ್ಲಿ ಓಡಿದಳು.

ಅಪ್ಪ ಯೂನಿಫಾರ್ಮಿನ ನೀಲಿ ಶರ್ಟು ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದ. ಎರಡೂ ಕೈ ಕಂಬಿಯ ಮೇಲಿದ್ದವು.

"ಅಪ್ಪ, ಹದಿನೈದು ದಿನ ನೀರು ಹಾಕೋ ಹಾಗಿಲ್ಲ."

"ಗೊತ್ತು. ಹಾಕ್ತಿಲ್ಲ."

"ಮತ್ತೆ ಇಲ್ಲೇನು ಮಾಡ್ತಿದೀಯಾ?"

ಅಪ್ಪ ಕೆಳಗಿನ ಬೀದಿ ನೋಡಿದ. "ಸುಮ್ನೆ," ಎಂದ.

ಸುಮ್ನೆ ಅಂದರೆ ಏನು ಎಂದು ಕಡ್ಡಿ ಕೇಳಬೇಕೆಂದಿದ್ದಳು. ಕೇಳಲಿಲ್ಲ. ಸಂಜೆ ಮಗ್ ಖಾಲಿಯಾದ ಮೇಲೂ ಅವಳೂ ಎಂದೂ ತಕ್ಷಣ ಒಳಗೆ ಬಂದಿರಲಿಲ್ಲ; ಅಮ್ಮನ ಗಿಡಗಳ ನಡುವೆ ಹೀಗೇ ಸುಮ್ಮನೆ ನಿಂತಿರುತ್ತಿದ್ದಳು.

ಅಪ್ಪ ಸ್ವಲ್ಪ ಪಕ್ಕಕ್ಕೆ ಸರಿದ. ಈಗ ಅಲ್ಲಿ ಇಬ್ಬರು ನಿಲ್ಲುವಷ್ಟು ಜಾಗ ಇತ್ತು. ಕಡ್ಡಿ ಹೋಗಿ ಅವನ ಪಕ್ಕ ನಿಂತಳು. ನೆಲ ತಣ್ಣಗಿತ್ತು. ಅಪ್ಪನ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.